ಹಸಿದ ಕೋಶಗಳಿಗೆ ಒಂದು ತುತ್ತು

ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಜೀವಕೋಶಗಳು ಗುರುವಾರ ಬೆಳಿಗ್ಗೆ ಅವಳಿಗೆ ಕೈಕೊಟ್ಟವು. ಫ್ಲೂ ವೈರಸ್ ಅಂಟಿಕೊಳ್ಳುವ ರಿಸೆಪ್ಟರ್‌ಗಳನ್ನು ಅವುಗಳ ಮೈಮೇಲೆ ಹೆಚ್ಚಿಸಿದ್ದವಳು ಅವಳೇ. ವೈರಸ್ ಹೆಚ್ಚು ಬೆಳೆದರೆ ಲಸಿಕೆಯೂ ಹೆಚ್ಚು ಸಿಗುತ್ತದೆ ಎಂಬ ಆಸೆ. ಈಗ ನೋಡಿದರೆ ಫ್ಲಾಸ್ಕಿನಲ್ಲಿ ವೈರಸ್ಸಿನ ಸುಳಿವೇ ಇಲ್ಲ.

"ಮಧ್ಯಾಹ್ನ ಮೀಟಿಂಗಲ್ಲಿ ಹೇಳಿಬಿಡೋಣ. ಈ ಕೋಶಗಳ ಲೈನ್ ಇಲ್ಲಿಗೆ ಸಾಕು," ಎಂದರು ಲ್ಯಾಬಿನ ಹಿರಿಯ ಮೇಡಂ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ, ಮೆತ್ತಗೆ ಹೇಳಿದ್ದಕ್ಕೇ ಅಳು ಬಂತು.

ಕಾರಿಡಾರಿನಲ್ಲಿ ಟ್ಯಾಂಕಿನವನು ಎದುರಾದ. ಲಸಿಕೆ ತಯಾರಿಸುವ ಸ್ಟೀಲ್ ಟ್ಯಾಂಕುಗಳನ್ನು ನೋಡಿಕೊಳ್ಳುವ ಈ ಉದ್ದನೆಯ ಆಸಾಮಿಗೆ ಅವಳೇ ಇಟ್ಟ ಹೆಸರು ಅದು. ದಿನಾ ಏನಾದರೊಂದು ನೆಪ ಹುಡುಕಿಕೊಂಡು ಬಂದು "ಮಕ್ಕಳು ಹೇಗಿದಾರೆ?" ಎಂದು ಕೋಶಗಳ ಯೋಗಕ್ಷೇಮ ಕೇಳುತ್ತಿದ್ದ. ಕಣ್ಣು ಮಾತ್ರ ಅವಳ ಮೇಲೇ ಇರುತ್ತಿತ್ತು. ಅವಳಿಗೆ ಅದು ಗೊತ್ತಿತ್ತು. ಗೊತ್ತಿದೆ ಎಂದು ತೋರಿಸಿಕೊಂಡಿರಲಿಲ್ಲ, ಅಷ್ಟೇ.

"ಮಕ್ಕಳು ಮಾನ ಕಳೆದ್ರು," ಎಂದಳು. "ವೈರಸ್ ಬೆಳೀಲೇ ಇಲ್ಲ. ಇವತ್ತು ಲೈನ್ ಮುಚ್ತಾರೆ."

ಅವನ ಮುಖ ಬಿಳಿಚಿಕೊಂಡಿತು. "ಅಮ್ಮ ಬಿದ್ರು ಅಂತ ಶನಿವಾರ ನೀವು ಓಡಿಹೋದ್ರಲ್ಲ... ಭಾನುವಾರ ನೋಡಿದ್ರೆ ಅವುಗಳ ಊಟ, ಆ ಕೆಂಪು ಮೀಡಿಯಮ್, ಹಳದಿ ಆಗಿತ್ತು. ಪಾಪ, ಹಸಿದಿದಾವೆ ಅಂದ್ಕೊಂಡು ನಾನೇ ಸೀರಮ್ ಇರೋ ಮೀಡಿಯಮ್ ಹಾಕ್ದೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸೀರಮ್ ಕೋಶಗಳಿಗೆ ಮೃಷ್ಟಾನ್ನ ನಿಜ, ಆದರೆ ಫ್ಲೂ ವೈರಸ್ಸಿಗೆ ಅದೇ ಅಡ್ಡಗಾಲು. ಅದಕ್ಕೆಂದೇ ಶನಿವಾರ ಅದನ್ನು ಪೂರ್ತಿ ತೊಳೆದು ತೆಗೆದಿದ್ದಳು. ಸೋಮವಾರದ ಗಡಿಬಿಡಿಯಲ್ಲಿ, ಎರಡು ದಿನದ ಮೀಡಿಯಮ್ ಇನ್ನೂ ಹೊಸದರಂತೆ ಕೆಂಪಗಿದ್ದುದನ್ನೂ ಗಮನಿಸದೆ ವೈರಸ್ ಹಾಕಿದ್ದಳು.

"ನಿಮ್ಮನ್ನ ಯಾರ್ ಕೇಳಿದ್ರು?"

"ಯಾರೂ ಕೇಳಿಲ್ಲ," ಎಂದು ತಲೆ ತಗ್ಗಿಸಿದ.

ಮೀಟಿಂಗಿನಲ್ಲಿ ಎಲ್ಲರೆದುರು ಎದ್ದು ನಿಂತು ಅವನೇ ತಪ್ಪೊಪ್ಪಿಕೊಂಡ. ಬೇರೆಯವರ ಫ್ಲಾಸ್ಕ್ ಮುಟ್ಟಿದ್ದಕ್ಕೆ ಮೇಡಂ ಚೆನ್ನಾಗಿ ನೀರಿಳಿಸಿದರು, ಒಂದು ತಿಂಗಳು ಲ್ಯಾಬಿನ ಕಡೆ ತಲೆ ಹಾಕಕೂಡದು ಎಂದರು. ಅವಳಿಗೆ ಇನ್ನೊಂದು ಅವಕಾಶ ಸಿಕ್ಕಿತು.

ಮುಂದಿನ ಗುರುವಾರ ಫಲಿತಾಂಶದ ಹಾಳೆ ಹಿಡಿದು ಅವಳೇ ಟ್ಯಾಂಕ್ ರೂಮಿಗೆ ಹೋದಳು. ವಾರವಿಡೀ ಬಾಗಿಲ ಸದ್ದಾದಾಗಲೆಲ್ಲ ತಿರುಗಿ ನೋಡಿ ಅವಳಿಗೆ ಕುತ್ತಿಗೆ ಸೋತಿತ್ತು.

"ಮಾಮೂಲಿ ಕೋಶಗಳಿಗಿಂತ ನಾಲ್ಕು ಪಟ್ಟು ವೈರಸ್," ಎಂದಳು.

ಅವನು ಅಲ್ಲೇ ಟ್ಯಾಂಕ್ ಹತ್ತುವ ಮೆಟ್ಟಿಲ ಮೇಲೆ ಕೂತ. "ಸದ್ಯ, ಬದುಕ್ದೆ. ಕೋಪ ಹೋಯ್ತಾ?"

"ಇನ್ನೂ ಇದೆ. ಹಾಕೋ ಮುಂಚೆ ನಂಗೊಂದು ಫೋನ್ ಮಾಡೋಕೇನಾಗಿತ್ತು?"

"ನಿಮ್ಮ ನಂಬರ್ ಇರ್ಲಿಲ್ಲ." ಕಿವಿ ಕೆಂಪಾಯಿತು. "ಕೇಳ್ಬೇಕು ಅಂತ ಆರು ತಿಂಗಳಿಂದ ಬರ್ತಿದೀನಿ. ನೀವಂದ್ರೆ ಇಷ್ಟ ನಂಗೆ. ಹೇಳೋಕೆ ಹೋದ್ರೆ ಮಾತೇ ಬಾಯಿಗೆ ಬರ್ತಿರ್ಲಿಲ್ಲ."

ಅವಳ ಕೋಪ ಎಲ್ಲಿ ಹೋಯಿತೋ. ಕೈ ಚಾಚಿ ಅವನ ಫೋನ್ ಇಸಿದುಕೊಂಡು ತನ್ನ ನಂಬರ್ ಒತ್ತಿದಳು.

"ನಂಗೂ ನೀವಂದ್ರೆ ಇಷ್ಟ," ಎಂದಳು ಫೋನ್ ಹಿಂದಿರುಗಿಸುತ್ತಾ. "ಭಾನುವಾರ ಮಾಡಿ. ಕೋಶಗಳ ವಿಷಯ ಮಾತ್ರ ಎತ್ತಬೇಡಿ."