ಟೇಪಿನ ಕೆಳಗಿನ ಹೆಣಿಗೆ

ಮೊದಲ ಸಲ ಅವನನ್ನು ಕಂಡಾಗ ಅವಳು ನಮಸ್ಕಾರ ಹೇಳಲಿಲ್ಲ. ಅಣ್ಣನ ಒಡೆದ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಅವನ ಹಣೆಗೆ ಬಾರಿಸಿದಳು.

"ಎಲ್ಲರೂ ಚಾರ್ಜರ್ ಅನ್ನೋದು ನಿಮ್ಮನ್ನೇ ತಾನೇ?" ಎಂದು ಕೇಳಿದ್ದು ಹೊಡೆದ ಮೇಲೆ.

ಅವನ ಹುಬ್ಬು ಸೀಳಿತ್ತು. ರಕ್ತ ಮೂಗಿನ ಪಕ್ಕ ಇಳಿದು, ತುಟಿ ದಾಟಿ, ಬಿಚ್ಚಿಟ್ಟಿದ್ದ ಎಲೆಕ್ಟ್ರಿಕ್ ಸ್ಕೂಟರ್ ಮೋಟಾರಿನ ಮೇಲೆ ತೊಟ್ಟಿಕ್ಕಿತು. ಅವನು ಒರೆಸಿಕೊಳ್ಳಲೂ ಇಲ್ಲ.

"ಹೌದು... ನಿಮ್ಮಣ್ಣನ ಕಾಲು ಹೇಗಿದೆ?"

"ತೊಡೆ ಮೂಳೆ ಎರಡು ಕಡೆ ಮುರಿದಿದೆ. ಮುಂದಿನ ಹಲ್ಲು ಒಂದೂ ಉಳಿದಿಲ್ಲ. ಬ್ರೇಕ್ ಹಿಡಿದ್ರೂ ಗಾಡಿ ಮುಂದಕ್ಕೇ ಎಳೀತಂತೆ. ಇಳಿಜಾರಲ್ಲಿ ನೀರಿನ ಟ್ಯಾಂಕರಿಗೆ ಮುಖ ಕೊಟ್ಟಿದ್ದಾನೆ. ಬ್ರೇಕ್ ಮುಟ್ಟಿದ್ದು ನೀವು ಅಂತ ಅವನೇ ಹೇಳಿದ. ಸಮಾಧಾನ ಆಯ್ತಾ?"

ಅವನು ಅವಳು ಕೂರಲೆಂದು ಸ್ಟೂಲೊಂದನ್ನು ಮುಂದಕ್ಕೆ ತಳ್ಳಿದ. ಆ ತಾಳ್ಮೆ ಅವಳನ್ನು ಇನ್ನಷ್ಟು ಸುಟ್ಟಿತು.

ಯಾಕೆಂದರೆ ಅವನು ಅವಳಿಗೆ ಪೂರ್ತಿ ಅಪರಿಚಿತನಾಗಿರಲಿಲ್ಲ. ಎರಡು ವರ್ಷದಿಂದ ಅವನ ವರ್ಕ್‌ಶಾಪಿನ ಸುಟ್ಟ ಸರ್ಕ್ಯೂಟ್ ಬೋರ್ಡುಗಳು ಅಣ್ಣನ ಪಾರ್ಸೆಲ್ ಚೀಲದಲ್ಲಿ ಅವಳ ಮೊಬೈಲ್ ರಿಪೇರಿ ಮೇಜಿಗೆ ಬರುತ್ತಿದ್ದವು. ಪ್ರತಿ ಬೋರ್ಡಿಗೂ ಒಂದು ಚೀಟಿ. 'ಎಡಮೂಲೆ ನೋಡಿ. ಅವಸರವಿಲ್ಲ. ಕಣ್ಣಿಗೆ ತ್ರಾಸ ಮಾಡಿಕೊಳ್ಳಬೇಡಿ.' ಮುಖ ಕಾಣದ ಆ ದುಂಡನೆಯ ಅಕ್ಷರದ ಸುತ್ತ ಅವಳು ಏಳು ಉಪ್ಪರಿಗೆಯ ಅರಮನೆಯನ್ನೇ ಕಟ್ಟಿಕೊಂಡಿದ್ದಳು. ಅಜ್ಜಿಯ ಕಥೆ ಕೇಳಿ ಬೆಳೆದವಳು. ಇಟ್ಟಿಗೆ ಇಲ್ಲದೆಯೂ ಕಟ್ಟಬಲ್ಲಳು.

ಈಗ ಅರಮನೆ ಕುಸಿದು ಅಣ್ಣನ ಕಾಲಿನ ಮೇಲೇ ಬಿದ್ದಿತ್ತು.

ಅಷ್ಟರಲ್ಲಿ ಅಣ್ಣನ ಜೊತೆ ಕೆಲಸ ಮಾಡುವ ಪಾರ್ಸೆಲ್ ಸವಾರರು ನುಗ್ಗಿದರು. ಹತ್ತು ಹನ್ನೆರಡು ಜನ. ಮುಂದೆ ಅವರೆಲ್ಲರಿಗೂ ಹಿರಿಯ, ಅವರು ದೊಡ್ಡಣ್ಣ ಎನ್ನುವವನು.

"ಏಯ್ ಚಾರ್ಜರ್, ಬಾಯಿಬಿಟ್ಟು ಹೇಳು. ಆ ಬ್ರೇಕ್ ಮುಟ್ಟಿದ್ಯಾ, ಇಲ್ವಾ?"

ಚಾರ್ಜರ್ ಅವಳ ಕಡೆ ನೋಡಿದ. ಅವಳ ಮುಖವನ್ನಲ್ಲ, ಬೆರಳುಗಳನ್ನು. ಆಮೇಲೆ ತಲೆ ತಗ್ಗಿಸಿದ.

ಮೊದಲ ಏಟಿಗೆ ಅವನು ಟೈರುಗಳ ರಾಶಿಯ ಮೇಲೆ ಬಿದ್ದ. ಯಾರೋ ಎಳೆದೆಬ್ಬಿಸಿದರು, ಇನ್ಯಾರೋ ಹೊಟ್ಟೆಗೆ ಮೊಣಕಾಲು ಕೊಟ್ಟರು. ಕಬ್ಬಿಣದ ಸಲಾಕೆ ಗಾಜಿನ ಬೀರುವಿಗೆ ಬಿತ್ತು. ನೆಲಕ್ಕೆ ಊರಿದ್ದ ಅವನ ಬಲಗೈಯನ್ನು ಒಂದು ಬೂಟುಗಾಲು ತುಳಿದು ತಿರುವಿತು. ಬೆರಳು ಮುರಿದ ಸದ್ದು ಅವಳಿಗೆ ಕೇಳಿಸಿತು... ಒಣಕಡ್ಡಿ ಮುರಿದಂತೆ, ಒಂದಲ್ಲ, ಎರಡು ಸಲ.

ಇದೇ ತಾನೇ ನನಗೆ ಬೇಕಿದ್ದದ್ದು? ಮತ್ತೆ ಯಾಕೆ ನಿಲ್ಲಿಸಿ ಅನ್ನಬೇಕೆನಿಸುತ್ತಿದೆ?

"ಸಾಯಂಕಾಲ ಐದಕ್ಕೆ ಮತ್ತೆ ಬರ್ತೀವಿ," ಎಂದ ದೊಡ್ಡಣ್ಣ. "ಅಷ್ಟರೊಳಗೆ ಜಾಗ ಖಾಲಿ ಮಾಡು. ಇಲ್ಲ ಅಂದ್ರೆ ಈ ಅಂಗಡಿ ಜೊತೆ ನೀನೂ ಉರಿದುಹೋಗ್ತೀಯ."

*

ನುಜ್ಜಾದ ಸ್ಕೂಟರನ್ನು ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ದೂರು ಕೊಡಲು ಫೋಟೊ ಬೇಕೆಂದು ಮಧ್ಯಾಹ್ನ ಅವಳು ಅಲ್ಲಿಗೆ ಹೋದಳು.

ಬ್ರೇಕ್ ಹಿಡಿದ ಕ್ಷಣವೇ ಮೋಟಾರಿಗೆ ಕರೆಂಟ್ ನಿಲ್ಲಿಸುವ ಪುಟ್ಟ ಸ್ವಿಚ್ಚೊಂದು ಈ ಗಾಡಿಗಳ ಹ್ಯಾಂಡಲಿನಲ್ಲಿ ಇರುತ್ತದೆ. ಪಾರ್ಸೆಲ್ ಸವಾರರಿಗೆ ಅದನ್ನು ಕಂಡರಾಗದು. ಬೆನ್ನಿಗೆ ಭಾರ, ಎದುರಿಗೆ ಏರು. ಬ್ರೇಕ್ ಬಿಟ್ಟರೆ ಗಾಡಿ ಹಿಂದಕ್ಕೆ ಜಾರುತ್ತದೆ, ಹಿಡಿದರೆ ಮೋಟಾರು ಮಲಗುತ್ತದೆ. ಅದಕ್ಕೇ ಸ್ವಿಚ್ಚಿನ ಎರಡು ವೈರುಗಳನ್ನು ಒಂದಕ್ಕೊಂದು ಕೂಡಿಸಿ ಅದರ ಬಾಯಿ ಮುಚ್ಚಿಸುತ್ತಾರೆ. ಏರು ಸಲೀಸಾಗುತ್ತದೆ. ಆದರೆ ಇಳಿಜಾರಿನಲ್ಲಿ ಗಾಬರಿಬಿದ್ದು ಬ್ರೇಕನ್ನೂ ಆಕ್ಸಿಲರೇಟರನ್ನೂ ಒಟ್ಟಿಗೆ ಹಿಂಡಿದರೆ, ನಿಲ್ಲಬೇಕಾದ ಗಾಡಿ ಮೈಮೇಲೆ ಬಂದವರಂತೆ ನುಗ್ಗುತ್ತದೆ.

ಇದೆಲ್ಲ ಅವಳಿಗೆ ಬೆಳಗ್ಗೆಯಷ್ಟೇ ಸವಾರರ ಬೈಗುಳದ ನಡುವೆ ತಿಳಿದದ್ದು.

ಹ್ಯಾಂಡಲಿನ ಕೆಳಗೆ ಕಪ್ಪು ಟೇಪು ಸುತ್ತಿತ್ತು. ಒಮ್ಮೆ ಬಿಚ್ಚಿ ಮತ್ತೆ ಸುತ್ತಿದ ಟೇಪು. ಅದರ ಮೇಲೆ ಗ್ರೀಸಿನ ಹೆಬ್ಬೆರಳ ಗುರುತು. ಉಗುರಿನಿಂದ ಕಿತ್ತಳು.

ಒಳಗೆ ಒಂದು ಜಡೆ ಇತ್ತು.

ತಾಮ್ರದ ಎಳೆಗಳನ್ನು ಮೂರು ಪಾಲು ಮಾಡಿ, ಕೂದಲಿನ ಜಡೆಯಂತೆ ಹೆಣೆದು, ತುದಿಯನ್ನು ಒಳಕ್ಕೆ ಮಡಚಿ, ಆಮೇಲೆ ಸೋಲ್ಡರ್ ಬೆಸುಗೆ ಹಾಕಿದ್ದ ಜೋಡಣೆ. ಎಲ್ಲರೂ ವೈರನ್ನು ಸುಮ್ಮನೆ ತಿರುವುತ್ತಾರೆ. ಹೀಗೆ ಹೆಣೆಯುವುದು ಊರಿಗೆಲ್ಲ ಅವಳೊಬ್ಬಳೇ.

ಅವಳು ನೆಲದ ಮೇಲೆ ಕೂತುಬಿಟ್ಟಳು.

ಹದಿನೈದು ದಿನದ ಹಿಂದೆ ಅಣ್ಣ ಅವಸರವಾಗಿ ಬಂದಿದ್ದ. "ಪುಟ್ಟಿ, ಹಾರ್ನ್ ವೈರ್ ಕಿತ್ತೋಗಿದೆ, ಕೂಡಿಸ್ಕೊಡೇ." ಅವಳು ಗಿರಾಕಿಯೊಬ್ಬರ ಜೊತೆ ಮಾತಾಡುತ್ತಲೇ ಎರಡು ನಿಮಿಷದಲ್ಲಿ ಹೆಣೆದುಕೊಟ್ಟಿದ್ದಳು.

ಅಣ್ಣನ ಕಾಲು ಮುರಿದದ್ದು ನನ್ನ ಕೈ.

ಮತ್ತು ಚಾರ್ಜರ್‌ಗೆ ಅದು ಗೊತ್ತಿತ್ತು... ಅಪಘಾತದ ಮೇಲೆ ಇಲ್ಲಿಗೆ ಬಂದು ಬಿಚ್ಚಿ ನೋಡಿದ್ದ, ಬೋರ್ಡುಗಳಲ್ಲಿ ಕಂಡ ಹೆಣಿಗೆಯ ಗುರುತು ಹಿಡಿದಿದ್ದ, ಮುಚ್ಚಿಟ್ಟಿದ್ದ.

ವಾರ್ಡಿಗೆ ಹೋದಾಗ ಅಣ್ಣನ ಬಾಯಿ ಊದಿಕೊಂಡು ಮಾತು ತೊದಲುತ್ತಿತ್ತು. ಅತ್ತಿಗೆ ನೀರು ಕುಡಿಸುತ್ತಿದ್ದಳು.

"ಅಣ್ಣ, ಅದು ಹಾರ್ನ್ ವೈರಾಗಿತ್ತಾ?"

ಅವನು ಗೋಡೆಯ ಕಡೆ ಮುಖ ಮಾಡಿದ.

"ಬ್ರೇಕ್ ವೈರ್ ಕೂಡಿಸ್ಕೊಡು ಅಂತ ಚಾರ್ಜರ್ ಹತ್ರ ಮೂರು ಸಲ ಕೇಳ್ದೆ ಪುಟ್ಟಿ. ಸಾಯೋಕೆ ಅರ್ಜಿ ಹಾಕ್ತಿದೀಯಾ ಅಂತ ಬೈದು ಕಳಿಸ್ದ. ನಾನೇ ಮಾಡಿಸ್ಕೊಂಡೆ ಅಂದ್ರೆ ಕೆಲಸದಿಂದ ತೆಗೀತಾರೆ. ನೀನು ಮಾಡಿದ್ದು ಅಂತ ಹೇಗೆ ಹೇಳಲಿ? ಬಾಯಿಗೆ ಅವನ ಹೆಸರು ಬಂತು."

"ಅವನ ಬೆರಳು ಮುರಿದುಹಾಕಿದ್ರು ಅಣ್ಣ. ನಾನು ನಿಂತು ನೋಡಿದೆ."

ಅತ್ತಿಗೆಯ ಕೈಯಿಂದ ಲೋಟ ಜಾರಿತು. ಗಡಿಯಾರದಲ್ಲಿ ಐದಾಗಲು ಹತ್ತು ನಿಮಿಷವಿತ್ತು.

*

ಅವಳು ಓಡಿ ಬಂದಾಗ ವರ್ಕ್‌ಶಾಪಿನ ಬಾಗಿಲಿಗೆ ಆಗಲೇ ಪೆಟ್ರೋಲ್ ಸುರಿದಿದ್ದರು. ಚಾರ್ಜರ್ ಒಳಗೇ ಒಂದು ಸ್ಟೂಲಿನ ಮೇಲೆ ಕೂತಿದ್ದ, ಬಲಗೈಗೆ ಬಟ್ಟೆ ಸುತ್ತಿಕೊಂಡು. ಹೊರಟುಹೋಗಿರಲಿಲ್ಲ.

"ನಿಲ್ಲಿಸಿ. ಅದನ್ನ ಮಾಡಿದ್ದು ನಾನು," ಎಂದಳು.

ಯಾರೂ ನಂಬಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಹಾರ್ನಿನ ಸುಳ್ಳು, ಜಡೆ, ಅಣ್ಣ ಒಪ್ಪಿಕೊಂಡದ್ದು. ಮಾತು ಮುಗಿಯುವ ಮೊದಲೇ ಬೆಳಗ್ಗೆ ಬೆರಳು ತುಳಿದಿದ್ದ ಸವಾರ ಸಲಾಕೆ ಎತ್ತಿದ. "ನಿಮ್ ಅಣ್ಣ-ತಂಗಿ ಮಾತು ಕೇಳಿ ಒಬ್ಬನ್ನ ಸಾಯ ಬಡಿದ್ವಲ್ಲೇ..."

ಏಟು ಅವಳಿಗೆ ಬೀಳಲಿಲ್ಲ. ಚಾರ್ಜರ್ ನಡುವೆ ಬಂದಿದ್ದ; ಸಲಾಕೆ ಅವನ ಹೆಗಲ ಮೇಲೆ ಇಳಿಯಿತು. ಅವನು ಮಂಡಿಯೂರಿದ. ಆದರೂ ಅವಳಿಗೆ ಅಡ್ಡವಾಗಿಯೇ ಇದ್ದ.

"ನಿನ್ ಗಾಡಿ ಹ್ಯಾಂಡಲ್ ಬಿಚ್ಚು," ಎಂದ ಆ ಸವಾರನಿಗೆ, ಏದುಸಿರಿನಲ್ಲಿ. "ನಿಂದೂ ಕೂಡಿಸಿದ್ದೇ ಅಲ್ವಾ?"

ಸಲಾಕೆ ಗಾಳಿಯಲ್ಲೇ ನಿಂತಿತು.

ದೊಡ್ಡಣ್ಣ ಸುತ್ತ ನೋಡಿದ. ಒಬ್ಬೊಬ್ಬರ ಕಣ್ಣೂ ನೆಲಕ್ಕೆ ಇಳಿಯುತ್ತಿತ್ತು. ಕೊನೆಗೆ ಅವನೇ ಬಾಯಿಬಿಟ್ಟ. "ನಂದೂ ಅದೇ ಕಥೆ. ಮೂರು ತಿಂಗಳಾಯ್ತು."

"ಹಾಗಾದ್ರೆ ನಾವೆಲ್ಲ ಸೇರಿ ಹೊಡೆದದ್ದು ಯಾರನ್ನ?" ಎಂದು ಅವಳು ಕೇಳಿದಳು.

ಯಾರೋ ಬಾಗಿಲಿಗೆ ನೀರು ಎರಚಿದರು. ಇನ್ಯಾರೋ ಚಾರ್ಜರನನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ಯಲು ಬಂದರು.

"ಮೊದಲು ಗಾಡಿಗಳು," ಎಂದ ಅವನು. "ಇದೇ ಗಾಡಿಲಿ ಮನೆಗೆ ಹೋಗ್ತೀರಾ?"

ಅವನ ಕೈ ಕೆಲಸಕ್ಕೆ ಬಾರದು. ಅವಳು ಕಟ್ಟರ್ ಎತ್ತಿಕೊಂಡಳು. ಹನ್ನೊಂದು ಗಾಡಿ, ಅವನು ತೋರಿಸಿದ ಕಡೆಯಲ್ಲೆಲ್ಲ ಕತ್ತರಿಸಿ, ತುದಿಗಳನ್ನು ಬೇರೆಬೇರೆಯಾಗಿ ಮತ್ತೆ ಸ್ವಿಚ್ಚಿಗೆ ಸೇರಿಸಿ ಟೇಪು ಸುತ್ತಿದಳು. ಸವಾರರು ಒಬ್ಬೊಬ್ಬರಾಗಿ ಹೊರಟರು. ದೊಡ್ಡಣ್ಣ ಮಾತ್ರ ವೈದ್ಯರ ಬಳಿ ಹೋಗಲು ಆಟೋ ತರುತ್ತೇನೆಂದು ನಡೆದ, ತನ್ನ ಗಾಡಿಯನ್ನು ಅಲ್ಲೇ ಬಿಟ್ಟು.

"ಯಾಕೆ ಹೇಳಲಿಲ್ಲ?" ಅವಳು ತಲೆಯೆತ್ತದೆ ಕೇಳಿದಳು.

"ಹೇಳಿದ್ರೆ ನೀವು ಇನ್ನು ಜೀವಮಾನದಲ್ಲಿ ಸೋಲ್ಡರ್ ಕಡ್ಡಿ ಮುಟ್ತಿರಲಿಲ್ಲ."

"ನನ್ನ ಮುಖ ಕೂಡ ನೋಡಿರಲಿಲ್ಲ ನೀವು."

"ಕೆಲಸ ನೋಡಿದ್ದೆ." ಅವಳ ಕೈಯಲ್ಲಿದ್ದ ಕಟ್ಟರನ್ನು ನೋಡುತ್ತ, "ಕಳಿಸಿದ ಬೋರ್ಡುಗಳಲ್ಲಿ ಅರ್ಧ ಕೆಟ್ಟೇ ಇರಲಿಲ್ಲ," ಎಂದ.

"ಗೊತ್ತಿತ್ತು. ಅದಕ್ಕೇ ಅವನ್ನೇ ಜಾಸ್ತಿ ದಿನ ಇಟ್ಕೊಳ್ತಿದ್ದೆ."

ಒಡೆದ ತುಟಿಯಲ್ಲಿ ನಗಲು ಹೋಗಿ ಅವನು ಮುಖ ಹಿಂಡಿದ. ದೊಡ್ಡಣ್ಣನ ಗಾಡಿಯ ಕೊನೆಯ ವೈರು ಕತ್ತರಿಸಿ ಆಗಿತ್ತು. ಅವನು ಮೆಲ್ಲಗೆ ಎದ್ದು ಹೋಗಿ ಅದರ ಮುಂದಿನ ಚಕ್ರದ ಎದುರು, ಗೋಡೆಗೆ ಬೆನ್ನು ಕೊಟ್ಟು ನಿಂತ.

"ಹತ್ತಿ. ಬ್ರೇಕ್ ಹಿಡಿದು ಆಕ್ಸಿಲರೇಟರ್ ಪೂರ್ತಿ ತಿರುಗಿಸಿ."

"ಹುಚ್ಚಾ? ಪಕ್ಕಕ್ಕೆ ಬನ್ನಿ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಈಗ."

"ನನಗಿದೆ."

ಅವಳ ಕಣ್ಣು ಮಂಜಾಯಿತು. ಹತ್ತಿ ಕೂತಳು. ಬ್ರೇಕ್ ಹಿಂಡಿದಳು. ಉಸಿರು ಬಿಗಿಹಿಡಿದು ಆಕ್ಸಿಲರೇಟರನ್ನು ಕೂದಲೆಳೆಯಷ್ಟು ತಿರುಗಿಸಿದಳು, ಇನ್ನಷ್ಟು, ಆಮೇಲೆ ಪೂರ್ತಿ.

ಗಾಡಿ ಅಲ್ಲಾಡಲಿಲ್ಲ. ಸದ್ದೂ ಇಲ್ಲ.

ಅವಳು ಆಕ್ಸಿಲರೇಟರ್ ಬಿಟ್ಟು, ಕೀ ತಿರುಗಿಸಿ ಕಿತ್ತುಕೊಂಡು ಮುಷ್ಟಿಯಲ್ಲಿ ಹಿಡಿದಳು.

"ಈಗ ಹತ್ತಿರ ಬರಲಾ?" ಎಂದು ಕೇಳಿದ ಅವನು.

"ಬನ್ನಿ... ಬ್ರೇಕ್ ಹಿಡಿದೇ ಇದೀನಿ."