ಹವಳದಿಣ್ಣೆಯ ಸುತ್ತು

ಕಡಲಿಗೆ ಇನ್ನೂ ಪೂರ್ತಿ ಉಪ್ಪು ಹಿಡಿದಿರಲಿಲ್ಲ ಎನ್ನುವಷ್ಟು ಹಿಂದೆ, ಪಡುವಣ ಸಮುದ್ರದ ನಡುವೆ ಹವಳದಿಣ್ಣೆ ಎಂಬ ದ್ವೀಪರಾಜ್ಯವಿತ್ತು. ಅಲ್ಲಿ ರಾಜನಿದ್ದ, ರಾಣಿ ಇದ್ದಳು, ಅವರ ಪಾಡಿಗೆ ಅವರಿದ್ದರು. ನಮ್ಮ ಕತೆ ದೋಣಿ ನಡೆಸುವ ಹೊನ್ನಿಯದು.

ಆ ದ್ವೀಪದಲ್ಲೊಂದು ಪದ್ಧತಿ. ಮನೆಗೆ ಯಾರಾದರೂ ಬಂದರೆ ಮೊದಲು ಅವರನ್ನು ದೋಣಿಯಲ್ಲಿ ಕೂರಿಸಿ ದ್ವೀಪವನ್ನು ಒಂದು ಸುತ್ತು ತೋರಿಸಬೇಕು. ಸುತ್ತು ಮುಗಿದ ಮೇಲೆಯೇ ಎಲೆ ಹಾಕಿ ಅನ್ನ ಬಡಿಸುವುದು. ಆದರೆ ಒಂಬತ್ತು ವರ್ಷದಿಂದ ಯಾರ ಸುತ್ತೂ ಮುಗಿದಿರಲಿಲ್ಲ. ಕಾರ್ಗಲ್ಲನೆಂಬ ಮಾಂತ್ರಿಕ ಪಡುವಣ ಬಂಡೆಯ ಮೇಲೆ ಬಂದು ಕೂತಿದ್ದ. ಅವನ ಮಾಯೆಯಿಂದ, ನೆಂಟರನ್ನು ಹೊತ್ತು ಹೊರಟ ದೋಣಿ ಹಿಂದಕ್ಕೆ ತಿರುಗುತ್ತಿರಲಿಲ್ಲ. ಮುಂದೆ ಹೋದದ್ದು ಜನರ ಸಮೇತ ಕಲ್ಲಾಗುತ್ತಿತ್ತು. ಹೊನ್ನಿಯ ಅಪ್ಪ ದುಗ್ಗಪ್ಪನೂ ಹಾಗೆಯೇ ಎಲ್ಲೋ ಕಲ್ಲಾಗಿ ನಿಂತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಹಡಗಿನಿಂದ ಬೊಮ್ಮವ್ವ ಇಳಿದಳು. ಬಯಲುನಾಡಿನ ಕುಂಬಾರರ ಹುಡುಗಿ. ಹಿಂದೊಮ್ಮೆ ಹೊನ್ನಿ ಒಣಮೀನು ಮಾರಲು ಹೋಗಿ ಜ್ವರ ಹಿಡಿದು ಮಲಗಿದಾಗ, ಒಂದು ತಿಂಗಳು ಗಂಜಿ ಕಾಯಿಸಿ ಕುಡಿಸಿ ಬದುಕಿಸಿದವಳು. ಅವಳನ್ನು ಕಂಡು ಹೊನ್ನಿಗೆ ಕುಣಿಯುವಷ್ಟು ಖುಷಿಯೂ ಆಯಿತು, ಎದೆಯೂ ಧಸಕ್ಕೆಂದಿತು.

"ದೋಣಿ ಹತ್ಬೇಡ ಕಣೇ, ಒಂದು ಮಾತು ಹೇಳ್ಬೇಕು," ಎನ್ನುವಷ್ಟರಲ್ಲಿ ಬೊಮ್ಮವ್ವ ದೋಣಿಯಲ್ಲಿ ಕೂತಾಗಿತ್ತು. ಕೂತವಳು ಸುಮ್ಮನಿರಬೇಕಲ್ಲ. ಇದೆಂಥ ಗಂಟು ಎಂದು ನೋಡುತ್ತಾ ಹಗ್ಗ ಬಿಚ್ಚಿಯೇ ಬಿಟ್ಟಳು. ದೋಣಿ ತಾನಾಗಿ ಹೊರಟಿತು. ಹೊನ್ನಿ ಹಾರಿ ಹತ್ತಿಕೊಂಡು ತಿರುಗಿಸಲು ನೋಡಿದಳು. ದೋಣಿ ಜಪ್ಪಯ್ಯ ಎಂದರೂ ತಿರುಗಲಿಲ್ಲ.

ಹೊನ್ನಿ ಎಲ್ಲವನ್ನೂ ಹೇಳಿ ಅತ್ತಳು. 

"ಹಗ್ಗ ಬಿಚ್ಚಿದ್ದು ನಾನು, ಅಳೋದು ನೀನು," ಎಂದಳು ಬೊಮ್ಮವ್ವ. "ಹೆಂಗೂ ಹೊರಟಾಯ್ತಲ್ಲ, ನಿಮ್ಮೂರು ತೋರ್ಸು."

ಹೊನ್ನಿ ಕಣ್ಣೊರೆಸಿಕೊಂಡು ತೋರಿಸಿದಳು. ಅಗೋ ಗಿಳಿಗಳ ಗುಡ್ಡ. ಅಗೋ ಮುತ್ತು ಒಣಹಾಕುವ ಮರಳು. ಅಗೋ ಅರಮನೆಯ ಹಿತ್ತಿಲು, ರಾಣಿಯ ಸೀರೆ ಒಣಗುತ್ತಿರುವುದು ಕಾಣುತ್ತದೆ ನೋಡು.

"ರಾಣಿ ಸೀರೆಗೂ ತೇಪೆ ಇದೆ ಕಣೇ," ಎಂದು ಬೊಮ್ಮವ್ವ ನಕ್ಕಳು. ಹೊನ್ನಿಗೂ ನಗು ಬಂತು.

ಮೊದಲ ತಿರುವಿನಲ್ಲಿ ಗಾಡಿಯಷ್ಟು ದೊಡ್ಡ ಏಡಿ ನೀರಿನಿಂದ ಎದ್ದಿತು. ಅದರ ಕೊಂಡಿಯಲ್ಲಿ ಒಂದು ಬಟ್ಟಲು ಅವಲಕ್ಕಿ.

"ತಿನ್ನಿ. ಬಟ್ಟಲು ವಾಪಸ್ ಕೊಡಿ," ಎಂದಿತು.

ಇಬ್ಬರೂ ತಿಂದರು. ಹೊನ್ನಿ ಬಟ್ಟಲನ್ನು ತೊಳೆಯಲು ಬಗ್ಗಿದಳು. ಕೊಟ್ಟವರ ಪಾತ್ರೆಯನ್ನು ಮೂರು ಸಲ ತೊಳೆದು, ಬೋರಲು ಹಿಡಿದು ಕೊಡುವುದು ಆ ದ್ವೀಪದವರ ಮರ್ಯಾದೆ. ಬೊಮ್ಮವ್ವ ಅವಳ ಕೈ ಹಿಡಿದಳು.

"ಖಾಲಿ ಪಾತ್ರೆ ಯಾರಾದ್ರೂ ವಾಪಸ್ ಕೊಡ್ತಾರೇನೇ? ನಮ್ಮಜ್ಜಿ ಆಗಿದ್ರೆ ಬೆನ್ನಿಗೆ ಗುದ್ದೋಳು." ಮಡಿಲಿನಿಂದ ಒಂದು ಹಿಡಿ ಹುರಿಗಡಲೆ ತೆಗೆದು ಬಟ್ಟಲಿಗೆ ಹಾಕಿದಳು.

ಏಡಿ ಬಟ್ಟಲನ್ನೇ ನೋಡಿತು. "ಒಂಬತ್ತು ವರ್ಷದಲ್ಲಿ ನನಗಂತ ಯಾರೂ ಏನೂ ಕೊಟ್ಟಿರಲಿಲ್ಲ," ಎಂದು ಪಕ್ಕಕ್ಕೆ ಸರಿಯಿತು. ಅದರ ಹಿಂದೆ ಕಲ್ಲಾದ ದೋಣಿಗಳು ಸಾಲಾಗಿ ನಿಂತಿದ್ದವು. ಒಂದೊಂದು ದೋಣಿಯಲ್ಲೂ ಕಲ್ಲಾದ ನೆಂಟರು, ದೋಣಿಯವನ ಕೈಯಲ್ಲಿ ಬೋರಲು ಬಟ್ಟಲು. ಬಟ್ಟಲನ್ನು ಖಾಲಿ ಮರಳಿಸಿದವರೇ ಕಲ್ಲಾಗಿದ್ದು ಎಂದು ಹೊನ್ನಿಗೆ ಆಗ ಅರ್ಥವಾಯಿತು.

ಎರಡನೆಯ ತಿರುವಿನಲ್ಲಿ ಎರಡು ತಲೆಯ ತಿಮಿಂಗಿಲ ಒಂದು ಬಟ್ಟಲು ಪಾಯಸ ಕೊಟ್ಟಿತು. ಕುಡಿದಾದ ಮೇಲೆ ಬೊಮ್ಮವ್ವ ಬೆಲ್ಲದ ಅಚ್ಚು ತೆಗೆದಳು. ನನಗೆ, ನನಗೆ ಎಂದು ಎರಡು ತಲೆಗಳೂ ಜಗಳಕ್ಕೆ ನಿಂತವು. ಹೊನ್ನಿ ಅಚ್ಚನ್ನು ಎರಡಾಗಿ ಮುರಿದು ಬಟ್ಟಲಿಗಿಟ್ಟಳು. ತಿಮಿಂಗಿಲ ಚಪ್ಪರಿಸುತ್ತಾ ಮುಳುಗಿತು.

ಮೂರನೆಯ ತಿರುವಿನಲ್ಲಿ, ಪಡುವಣ ಬಂಡೆಯ ಮೇಲೆ, ಕಾರ್ಗಲ್ಲ ಕೂತಿದ್ದ. ಏಡಿ, ತಿಮಿಂಗಿಲಗಳು ಕಾವಲಿಗೆ ಬರುವ ಮೊದಲೇ ಬಂದಿದ್ದ ದುಗ್ಗಪ್ಪನ ದೋಣಿ ಅವನ ಕಾಲ ಬಳಿ ಕಲ್ಲಾಗಿ ನಿಂತಿತ್ತು. ಅಪ್ಪನ ಮುಖ ಕಂಡು ಹೊನ್ನಿ ದೋಣಿಯ ಅಂಚಿಗೆ ಸರಿದು ಕೈ ಚಾಚಿದಳು. ಕಾರ್ಗಲ್ಲ ಗಂಜಿಯ ಬಟ್ಟಲು ನೀಡಿದ. ಇಬ್ಬರೂ ಕುಡಿದರು. ಬೊಮ್ಮವ್ವ ಮಡಿಲು ಕೊಡವಿದಳು. ಒಂದು ಕಾಳೂ ಇರಲಿಲ್ಲ.

"ಸ್ವಾಮಿ, ನಮ್ಮ ಮೇಲೆ ನಿಮಗ್ಯಾಕೆ ಇಷ್ಟು ಕೋಪ?" ಎಂದು ಹೊನ್ನಿ ಕೇಳಿದಳು.

"ನಿಮ್ಮ ದ್ವೀಪ ನೋಡೋಕೆ ಅಂತ ದೂರದಿಂದ ಬಂದಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೂ ದೋಣಿಕಟ್ಟೆ ಮೇಲೆ ಕೂತಿದ್ದೆ. ಎಲ್ಲರೂ ಯಾರ ಮನೆ ನೆಂಟರು ಅಂತ ಕೇಳೋರು, ಇನ್ಯಾರದೋ ಮನೆಯವನು ಅಂದ್ಕೊಂಡು ಹೋಗೋರು. ಒಬ್ಬರೂ ದೋಣಿ ಹತ್ತು ಅನ್ನಲಿಲ್ಲ."

ಹೊನ್ನಿಗೆ ಆ ದಿನ ನೆನಪಾಯಿತು. ಕೆಂಪು ಶಾಲಿನ ಒಬ್ಬ ಮುದುಕ. ಯಾರ ಮನೆಗೆ ಬಂದ್ರಿ ತಾತ ಎಂದು ತಾನೇ ಕೇಳಿದ್ದಳು, ಉತ್ತರಕ್ಕೆ ನಿಲ್ಲದೆ ಆಟಕ್ಕೆ ಓಡಿದ್ದಳು. ಅಪ್ಪನನ್ನು ಕಲ್ಲಾಗಿಸಿದವನ ಮೇಲೆ ಸಿಟ್ಟಿತ್ತು, ಅದರ ಜೊತೆಗೆ ನಾಚಿಕೆಯೂ ಆಯಿತು. ಅವಳು ದೋಣಿಯ ಹಗ್ಗದ ತುದಿಯನ್ನು ಬಟ್ಟಲಿನಲ್ಲಿಟ್ಟು ನೀಡಿದಳು.

"ಅವತ್ತು ಕೇಳಿ ಓಡಿಹೋದವಳು ನಾನೇ, ತಾತ. ತಪ್ಪಾಯ್ತು. ದೋಣೀಲಿ ಇನ್ನೊಬ್ಬರಿಗೆ ಜಾಗ ಇದೆ. ನೀವು ನಮ್ಮನೆ ನೆಂಟರು, ಹತ್ತಿ."

ಕಾರ್ಗಲ್ಲ ಹಗ್ಗದ ತುದಿಯನ್ನು ಎತ್ತಿಕೊಂಡ. ಆಮೇಲೆ ಪಂಚೆ ಎತ್ತಿಕಟ್ಟಿ ದೋಣಿ ಹತ್ತಿದ. ಹತ್ತಿದವನು ಅದೇನು, ಇದೇನು ಎಂದು ಕೇಳಿದ್ದೇ ಕೇಳಿದ್ದು. ಬೆಳಿಗ್ಗೆ ತಾನು ನೋಡಿದ್ದನ್ನೆಲ್ಲ ಬೊಮ್ಮವ್ವ ಅಲ್ಲೇ ಹುಟ್ಟಿದವಳ ಹಾಗೆ ವರ್ಣಿಸಿದಳು. ರಾಣಿಯ ತೇಪೆಯನ್ನೂ ಬಿಡಲಿಲ್ಲ.

ದೋಣಿ ಕಟ್ಟೆಗೆ ತಗುಲಿ ಸುತ್ತು ಮುಗಿಯಿತು. ಕಡಲಲ್ಲಿ ಕಲ್ಲುಗಳೆಲ್ಲ ದೋಣಿಗಳಾದವು, ದೋಣಿಗಳಲ್ಲಿ ಜನ ಮೈಮುರಿದರು. ದುಗ್ಗಪ್ಪ ಬಟ್ಟಲಿನ ನೀರು ಕೊಡವುತ್ತಾ ದಡಕ್ಕೆ ಬಂದ.

"ಹೊನ್ನೀ, ಅನ್ನಕ್ಕೆ ಇಟ್ಟಿದ್ದೀಯೇನಮ್ಮ? ನೆಂಟರು ಹಸಿದಿದ್ದಾರೆ," ಎಂದವನು ಮಗಳನ್ನು ನೋಡಿ ತಡೆದ. "ಬೆಳಿಗ್ಗೆ ನನ್ನ ಸೊಂಟದುದ್ದ ಇದ್ದೆಯಲ್ಲೇ."

ಹೊನ್ನಿ ನಗುತ್ತಾ ಅಳುತ್ತಾ ಅಪ್ಪನನ್ನು ತಬ್ಬಿಕೊಂಡಳು.

ಅಂದು ಊರಿಗೆ ಊರೇ ಎಲೆ ಹಾಕಿತು. ಕಾರ್ಗಲ್ಲ ಮೂರು ಸಲ ಅನ್ನ ಹಾಕಿಸಿಕೊಂಡ. ಅಂದಿನಿಂದ ಹವಳದಿಣ್ಣೆಯ ಕಟ್ಟೆಯ ಮೇಲೆ ಯಾರೇ ಕೂತಿರಲಿ, ಯಾರ ಮನೆಯವರು ಎಂದು ಕೇಳುವ ಮೊದಲು ದೋಣಿ ಹತ್ತಿಸುತ್ತಾರೆ.

ಅವರು ಉಂಡು ಸುಖವಾಗಿದ್ದಾರೆ. ಕತೆಯ ಬಟ್ಟಲು ಈಗ ನಿಮ್ಮ ಕೈಯಲ್ಲಿದೆ, ಖಾಲಿ ಮಾತ್ರ ವಾಪಸ್ ಕೊಡಬೇಡಿ.