ಏಳು ಗಂಟಿನ ಗೂಟ

ಜಯಮಾಲಾ ಆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮೂಗು ಮುರಿದ ರಭಸಕ್ಕೆ ದಾಳಿಂಬ ಎಂಬ ಆ ಊರಿನ ಅರ್ಧ ಜಿರಳೆಗಳು ಗಂಟುಮೂಟೆ ಕಟ್ಟಿಕೊಂಡು ಉಮರ್ಗಾದ ಹಾದಿ ಹಿಡಿದವು.

ನಿಲಂಗಾದಿಂದ ಉದಗೀರದವರೆಗೆ ಅವಳಷ್ಟು ಚಂದ ಮನೆ ಜೋಡಿಸುವವರು ಇನ್ನೊಬ್ಬರಿಲ್ಲ. ಹಾಗಂತ ಅವಳೇ ಹೇಳುತ್ತಿದ್ದಳು, ಅಲ್ಲವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಹಳೆ ಸೀರೆಯ ಸೆರಗು ಹರಿದು ಬಾಗಿಲ ಹಿಂದೆ ಹದಿನಾಲ್ಕು ಜೇಬು ಹೊಲಿದರೆ ಒಂದು ಸಂಸಾರವೇ ಅದರೊಳಗೆ ಹಿಡಿಸುತ್ತಿತ್ತು. ಬಳೆ ಸ್ಟ್ಯಾಂಡಿಗೆ ಸೌಟು ತೂಗುಹಾಕುವುದು, ಒಡೆದ ಕೊಡದ ಕುತ್ತಿಗೆಯಲ್ಲಿ ಲಟ್ಟಣಿಗೆ ನಿಲ್ಲಿಸುವುದು, ಎಲ್ಲ ಅವಳದೇ ತಲೆ. ಒಬ್ಬ ಹೆಡ್‌ಮಾಸ್ತರರ ಅಲ್ಮಾರಿ ಜೋಡಿಸಿದಾಗ ಅವರು ಮದುವೆಗೆ ಮುಂಚೆ ಕಳೆದುಕೊಂಡಿದ್ದ ಸಿಟ್ಟು ಕೂಡ ಸಿಕ್ಕಿತಂತೆ. ಒಮ್ಮೆ ಜೋಡಿಸಿದ ಮನೆಗೆ ತಿದ್ದಲು ಅವಳು ಎರಡನೇ ಸಲ ಹೋದದ್ದಿಲ್ಲ. ನೋಡಲು ಬಂದ ಒಂಬತ್ತು ವರಗಳನ್ನು ಕರ್ಚೀಫಿನ ಮಡಿಕೆ ನೋಡಿಯೇ ತಿರುಗಿ ಕಳಿಸಿದವಳು ಅವಳು.

ಇಂಥವಳನ್ನು ಮನೆಗೆ ಕರೆದವನು ರೇವಣಸಿದ್ಧ. ಕುರಿ ಕಾಯುವ ಮನೆತನದವನು, ಬೀರಪ್ಪ ದೇವರ ಒಕ್ಕಲು. ನಿಲಂಗಾ ಸಂತೆಯಲ್ಲಿ ಡಬ್ಬಿ ಮಾರಲು ಅವಳು ಕೊಡುತ್ತಿದ್ದ ಡೆಮೊವನ್ನು ಮೂರು ವಾರ ಮಿಸುಕಾಡದೆ ನಿಂತು ನೋಡಿ, ನಾಲ್ಕನೇ ವಾರ ಬಾಯಿ ಬಿಟ್ಟಿದ್ದ. ನಮ್ಮ ಮನೆಯನ್ನೂ ಒಂದಿಷ್ಟು ನೋಡಿ ಅಂದಿದ್ದ. ಅವನಿಗೆ ಡಬ್ಬಿ ಬೇಕಿರಲಿಲ್ಲ ಎಂಬುದು ಸಂತೆಯ ಬದನೆಕಾಯಿಗೂ ಗೊತ್ತಿತ್ತು.

ಗೋಡೆಯ ತುಂಬ ಗೂಟಗಳು. ಒಂದೊಂದು ಗೂಟಕ್ಕೂ ಒಂದು ಹಳೆ ಡಾಲ್ಡಾ ಡಬ್ಬಿಯೋ ಮಾಸಿದ ಚೀಲವೋ. ಒಂದೊಂದರಿಂದಲೂ ಉಣ್ಣೆಯ ದಾರ ಜೋತಾಡುತ್ತಿತ್ತು.

"ಇದು ಅಡಗಿಮನಿಯೋ, ಕಂಬಳಿ ನೇಯೋ ಮಗ್ಗೋ? ಇಷ್ಟು ದಾರ ಯಾಕ ಜೋತುಬಿಟ್ಟೀರಿ?"

"ಅವು ನಮ್ಮ ಆಯೀವು ರೀ. ಆಕಿಗಿ…"

"ಕೆಲಸ ಮುಗಿಯೂತನ ಮನಿಯವರು ಬಾಯಿ ತೆರೀಬಾರ್ದು. ಅದು ನನ್ ರೂಲ್."

ಹೇಳುತ್ತ ಅವಳು ದುಪಟ್ಟಾ ಸೊಂಟಕ್ಕೆ ಬಿಗಿದಳು, ಜಡೆಯನ್ನು ಬೆನ್ನ ಹಿಂದೆ ಎಸೆದಳು. ಜಡೆಯ ಗಾಳಿ ಬಡಿದದ್ದೇ ರೇವಣಸಿದ್ಧನ ಬಾಯಲ್ಲಿದ್ದ ಮಾತು ಹಾರಿಹೋಯಿತು. ಆಯಿ, ಅಂದರೆ ಅವನ ಅಜ್ಜಿ ಗುರಮ್ಮ, ಆ ವಾರ ಔರಾದ ಶಹಾಜನಿ ಊರಲ್ಲಿ ಮಗಳ ಮನೆಯಲ್ಲಿದ್ದಳು. ಹೇಳಬೇಕಾದ ಒಂದು ಮಾತನ್ನು ಹೇಳದೆ ಅವನು ಕುರಿ ಹೊಡೆದುಕೊಂಡು ಹೋದ.

ಎರಡು ದಿನ ಅವಳು ಕೆಲಸ ಮಾಡಿದಳು. ಗೂಟದ ಚೀಲಗಳೆಲ್ಲ ಕೆಳಗಿಳಿದವು. ಮೂವತ್ತೆರಡು ಡಬ್ಬಿ ಬಂದವು: ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಮುಚ್ಚಳ. ಎಲ್ಲದಕ್ಕೂ ಒಂದು ಕಡೆ ಮರಾಠಿಯಲ್ಲಿ, ಇನ್ನೊಂದು ಕಡೆ ಕನ್ನಡದಲ್ಲಿ ಮುದ್ದಾದ ಚೀಟಿ. ದಾರಗಳನ್ನೆಲ್ಲ ಕತ್ತರಿಸಿ ಒಂದು ಗೋಣಿಗೆ ತುಂಬಿ ಕಸಕ್ಕೆ ಇಟ್ಟಳು.

ಅವನ ಕಂಬಳಿಯ ಪೆಟ್ಟಿಗೆ ತೆರೆದಾಗ ಮಾತ್ರ ಅವಳಿಗೆ ಸಿಟ್ಟು ಬಂತು. ನಾಲ್ಕು ಮೂಲೆ ಕೂದಲೆಳೆಯಷ್ಟೂ ಆಚೀಚೆಯಾಗದ ಮಡಿಕೆ. ಪ್ರತಿ ಮಡಿಕೆಯಲ್ಲೂ ನುಸಿ ಬಾರದಂತೆ ಬೇವಿನೆಲೆ. ಬಿಚ್ಚಿ ಮತ್ತೆ ಮಡಚಿದಳು. ಮೊದಲಿನಷ್ಟು ಚಂದ ಬರಲಿಲ್ಲ. ಮೂರನೇ ಸಲಕ್ಕೆ ಪೆಟ್ಟಿಗೆ ಮುಚ್ಚಿ, ಕುರಿ ಕಾಯುವವನಿಗೆ ಇಷ್ಟು ಸೊಕ್ಕು ಯಾಕೆ ಎಂದು ಗೊಣಗಿದಳು.

ಅಷ್ಟರಲ್ಲಿ ಅವನು ಚಹಾ ತಂದ. ಕಪ್ಪು ತೆಗೆದುಕೊಳ್ಳುವಾಗ ಅವಳು ಕಣ್ಣೆತ್ತಲಿಲ್ಲ. ಅವನ ಉಗುರಲ್ಲಿ ಕೊಳೆ ಇದೆಯೇ ಎಂದು ಹುಡುಕಿದಳು, ಇರಲಿಲ್ಲ. ಆ ಸಿಟ್ಟಿಗೆ ಚಹಾ ಸಪ್ಪಗಿದೆ ಅಂದಳು. ಅವನು ನಕ್ಕ. ಆ ನಗುವಿಗೆ ಮೂರು ತಾಲೂಕಿನ ತೊಗರಿ ಒಂದೇ ಮಧ್ಯಾಹ್ನದಲ್ಲಿ ಹೂಬಿಡಬಹುದಿತ್ತು. ಅವಳು ಮಾತ್ರ ಡಬ್ಬಿ ಒರೆಸಿದಳು, ಒರೆಸಿದ ಡಬ್ಬಿಯನ್ನೇ ನಾಲ್ಕು ಸಲ.

ಎರಡನೇ ಸಂಜೆ ಕೆಲಸ ಮುಗಿಯಿತು. ರೇವಣಸಿದ್ಧ ಅಡುಗೆಮನೆಗೆ ಬಂದು ಬೋಳು ಗೂಟಗಳನ್ನು ನೋಡಿ ಬಿಳಿಚಿಕೊಂಡ. ಅವಳು ಮೊಬೈಲಿನಲ್ಲಿ ಡಬ್ಬಿಗಳ ಸಾಲಿನ ವಿಡಿಯೋ ತೆಗೆಯುತ್ತಿದ್ದಳು. ತನ್ನ ಕೈಚಳಕಕ್ಕೆ ಬೆರಗಾಗಿ ಅವನಿಗೆ ಮಾತು ಹೊರಡುತ್ತಿಲ್ಲ ಎಂದುಕೊಂಡಳು. ಅವಳನ್ನು ಶೇರ್ ಆಟೋ ಹತ್ತಿಸುವಾಗ ಅವನು ಚಂದ ಆಗಿದೆ ಎಂದಷ್ಟೇ ಹೇಳಿದ. ಇಷ್ಟೇನಾ ಎಂಬಂತೆ ಅವಳು ಮುಖ ತಿರುಗಿಸಿದಳು.

ಹತ್ತು ದಿನದ ಮೇಲೆ ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ದಾಳಿಂಬದ ಮುಕ್ತಾಬಾಯಿ ಸಿಕ್ಕಳು. ರೇವಣಸಿದ್ಧನ ಪಕ್ಕದ ಮನೆಯವಳು. ಹೊಗಳಿಕೆ ಕೇಳಲೆಂದು ಜಯಮಾಲಾ ತಾನೇ ಮಾತಿಗಿಳಿದಳು. ಮುಕ್ತಾಬಾಯಿ ಎಲೆಯಡಿಕೆ ಅಗಿಯುತ್ತ, ಅವಳನ್ನು ಮೇಲಿಂದ ಕೆಳಗೆ ನೋಡುತ್ತ ನಡೆದದ್ದನ್ನು ಹೇಳಿದಳು.

ಗುರಮ್ಮ ಊರಿಗೆ ಮರಳಿದ ಮರುದಿನವೇ ಬೀರಪ್ಪನ ಗುಡಿಯ ಪೂಜಾರಿ ನಾಲ್ವರು ಹಿರಿಯರೊಂದಿಗೆ ಮನೆಗೆ ಬಂದರಂತೆ. ಬಂದವರ ಹಣೆಗೆ ಭಂಡಾರ, ಅಂದರೆ ದೇವರ ಅರಿಶಿಣ, ಹಚ್ಚುವುದು ಆ ಮನೆಯಲ್ಲಿ ಗುರಮ್ಮನದೇ ಕೈ. ಒಂದು ಡಬ್ಬಿ ತೆಗೆದು, ಕಣ್ಣು ಮುಚ್ಚಿ ತಲೆಬಾಗಿದ ಐವರ ಹಣೆಗೂ ದಪ್ಪಗೆ ಬಳಿದಳು. ಅದು ಖಾರದ ಪುಡಿ. ಮುದುಕಿಗೆ ನೆಗಡಿ, ಮೂಗಿಗೂ ತಿಳಿಯಲಿಲ್ಲ. ಮೊದಲು ಭಕ್ತಿಯ ಕಣ್ಣೀರು ಎಂದುಕೊಂಡರು. ಆಮೇಲೆ ಪೂಜಾರಿ ಸೀನಿದ ಸೀನಿಗೆ ಕೊಟ್ಟಿಗೆಯ ಕುರಿ ಹಗ್ಗ ಹರಿದುಕೊಂಡವು.

"ಚೀಟಿ ಹಚ್ಚೀನಲ್ರಿ ನಾ. ಓದಬಾರ್ದಾ?"

ಮುಕ್ತಾಬಾಯಿ ಅಗಿಯುವುದನ್ನು ನಿಲ್ಲಿಸಿದಳು. "ಕಣ್ಣು ಹೋಗಿ ಆರು ವರ್ಷ ಆತು ಆಕಿದು. ಏನ್ ಓದ್ತಾಳ? ದಾರದ ಗಂಟು ಮುಟ್ಟಿ ಮನಿ ನಡಸ್ತಿದ್ಳು. ಅದನ್ನ ಕತ್ತರಿಸಿ ಹೋದಾಕಿ ನೀನೇ ಏನು?"

ಅಂದಿನಿಂದ ಗುರಮ್ಮ ಅಡುಗೆಮನೆಗೆ ಕಾಲಿಟ್ಟಿಲ್ಲವಂತೆ. ಇದು ಯಾರ ಮನೆ ಎಂದು ಒಂದೇ ಸಲ ಕೇಳಿ ಹೊರಸಿನ ಮೇಲೆ ಕೂತವಳು ಎದ್ದಿಲ್ಲ.

ಜಯಮಾಲಾಳ ವಿಡಿಯೋಗೆ ಆ ಹೊತ್ತಿಗೆ ನಲವತ್ತು ಸಾವಿರ ಲೈಕು. ಅವಳು ಫೋನನ್ನು ಚೀಲದ ತಳಕ್ಕೆ ತುರುಕಿ, ದಾಳಿಂಬಕ್ಕೆ ಹೋಗಲು ಎದುರಿಗೆ ನಿಂತ ಉಮರ್ಗಾ ಬಸ್ಸು ಹತ್ತಿದಳು. ಎರಡನೇ ಸಲ ಹೋಗುವವಳಲ್ಲ ಎಂಬ ದೊಡ್ಡಸ್ತಿಕೆ ಬಸ್‌ಸ್ಟ್ಯಾಂಡಿನಲ್ಲೇ ಉಳಿಯಿತು.

ಹೊರಸಿನ ಮೇಲಿನ ಮುದುಕಿ ಹೆಜ್ಜೆಯ ಸಪ್ಪಳಕ್ಕೆ ತಲೆ ಎತ್ತಿದಳು.

"ನೀ ಆ ಡಬ್ಬಿ ಪೋರಿ ಏನು?"

"ಹೌದ್ರಿ ಆಯಿ."

"ಕಣ್ಣು ಇದ್ದಾಕಿ ಅಂತ ಕೇಳಿದ್ದೆ. ಸುಳ್ಳಂತ ಕಾಣ್ತದ."

ಜಯಮಾಲಾಳ ಜನ್ಮದಲ್ಲಿ ಯಾರೂ ಅವಳಿಗೆ ಅಂಥ ಮಾತು ಹೇಳಿ ಬದುಕಿರಲಿಲ್ಲ. ಅವಳು ತಲೆ ತಗ್ಗಿಸಿ, ಗಂಟು ಹೇಳಿಕೊಡಿ ಎಂದು ನೆಲದ ಮೇಲೆ ಕೂತಳು. ಅಜ್ಜಿ ಹೊರಸಿನ ಕೆಳಗಿನಿಂದ ಗೋಣಿ ಎಳೆದಳು. ಕಸಕ್ಕೆ ಇಟ್ಟ ದಾರಗಳೆಲ್ಲ ಅದರಲ್ಲೇ ಇದ್ದವು, ಮೊಮ್ಮಗ ಎತ್ತಿಟ್ಟಿದ್ದ. ಉಪ್ಪಿಗೆ ಒಂದು ಗಂಟು, ಸಕ್ಕರೆಗೆ ಎರಡು, ಖಾರಕ್ಕೆ ಮೂರು, ಭಂಡಾರಕ್ಕೆ ಐದು. ಕಣ್ಣು ಮುಚ್ಚಿ ಮುಟ್ಟು ಅಂದಳು. ತಪ್ಪಿದಾಗಲೆಲ್ಲ ಕೈಮೇಲೆ ಪಟ್ಟನೆ ಏಟು. ಹನ್ನೊಂದು ಏಟು ಬಿದ್ದವು.

ಸಂಜೆಯ ಹೊತ್ತಿಗೆ ಗೂಟಗಳಿಗೆ ಚೀಲ ಮರಳಿ ಏರಿದವು. ಡಬ್ಬಿಗಳ ಚೀಟಿ ಕಿತ್ತು, ಕುತ್ತಿಗೆಗೆ ದಾರ ಕಟ್ಟಿ, ಅವನ್ನೂ ಸಾಲಿಗೆ ಸೇರಿಸಿದಳು. ಇನ್ನೊಮ್ಮೆ ಪರೀಕ್ಷಿಸಿಕೊಳ್ಳೋಣವೆಂದು ಕಣ್ಣು ಮುಚ್ಚಿ ಗೋಡೆಯುದ್ದಕ್ಕೂ ಕೈಯಾಡಿಸುತ್ತ ಬಂದಳು. ಬಾಗಿಲ ಪಕ್ಕದ ಕೊನೆಯ ಗೂಟದಲ್ಲಿ ಒಂದು ದಾರ ಕೈಗೆ ಸಿಕ್ಕಿತು. ಅದು ಅವಳು ಕಟ್ಟಿದ್ದಲ್ಲ. ಏಳು ಗಂಟು. ಕೆಳಗೆ ಡಬ್ಬಿಯಿಲ್ಲ, ಚೀಲವಿಲ್ಲ.

"ಆಯಿ, ಏಳು ಯಾವುದರದು?" ಎಂದು ಹೊರಸಿನ ಕಡೆಗೆ ಕೂಗಿದಳು.

"ನಂದಲ್ಲ ಅದು. ಅಂವಾ ಕಟ್ಯಾನ. ಯಾರದಂತ ಕೇಳ್ದೆ. ಇನ್ನ ಬಂದಿಲ್ಲ ಅಂದ."

ಕಣ್ಣು ಬಿಟ್ಟಾಗ ರೇವಣಸಿದ್ಧ ಹೊಸ್ತಿಲಲ್ಲಿದ್ದ, ಹೆಗಲ ಮೇಲೆ ಕಂಬಳಿ. ಆ ಎರಡು ದಿನ ಅವಳು ಚೀಲ ಹಾಕುತ್ತಿದ್ದದ್ದು ಅದೇ ಗೂಟಕ್ಕೆ.

"ಆಯಿಗೆ ಕಣ್ಣಿಲ್ಲಂತ ಯಾಕ ಹೇಳಲಿಲ್ಲ?"

"ಬಾಯಿ ತೆರೀಬ್ಯಾಡ ಅಂದಿದ್ರಿ."

"ಅಂದ್ರ? ಎರಡು ದಿನ ಮೂಕನಂಗ ಚಾ ತಂದು ಕೊಡೂದೇನು? ಒಂದು ಮಾತು ಹೇಳಿದ್ರ ನಾ ದಾರಕ್ಕ ಕೈ ಹಚ್ತಿದ್ದಿಲ್ಲ."

ಅವನು ಕಂಬಳಿಯ ಅಂಚು ಹಿಡಿದುಕೊಂಡ. "ಬೆಳಿಗ್ಗಿ ನಿಮ್ಮನ್ನ ನೋಡಿ ಮರತೆ. ಮರುದಿನ ಸಂಜೀಕ ಹೇಳ್ಬೇಕಂದ್ರ ತಪ್ಪು ನಿಮ್ಮದು ಅನ್ನಬೇಕಿತ್ತು. ಅಂದ್ರ ನೀವು ಸಿಟ್ಟಾಗಿ ಹೋಗ್ತಿದ್ರಿ. ಮತ್ತ ಬರ್ತಿದ್ದಿಲ್ಲ. ಆಯಿಗಿ ಅನ್ಯಾಯ ಮಾಡ್ದೆ. ಖರೆ ಹೇಳ್ತೀನಿ, ನಿಮ್ಮ ಸಲುವಾಗಿ ಮಾಡ್ದೆ."

ಜಯಮಾಲಾ ಅವನನ್ನು ದಿಟ್ಟಿಸಿದಳು. ಒಂಬತ್ತು ವರಗಳನ್ನು ಓಡಿಸಿದ ಆ ನೋಟ ಇವನ ಮೇಲೆ ಬಿದ್ದು ಎಲ್ಲಿಗೂ ಹೋಗಲಾರದೆ ಅಲ್ಲೇ ಕೂತುಬಿಟ್ಟಿತು. ಕಿವಿ ಬಿಸಿಯಾದವು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

"ಇದಕ್ಕೂ ಜಾಗಾ ಗೊತ್ತಿಲ್ಲ ನಿಮಗ," ಅಂದಳು. "ಬಾಗಿಲ ಬಾಜೂಕಿನ ಗೂಟ ಬಂದು ಹೋಗೋರಿಗಿ. ಮನಿಯಾಗ ಇರೋರದು ಒಳಗಿರ್ಬೇಕು. ಇಷ್ಟೂ ತಿಳಿಯಂಗಿಲ್ಲ?"

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳೇ ಆ ದಾರ ಬಿಚ್ಚಿದಳು. ಅವನ ಕಂಬಳಿ ತೂಗುವ ಒಳಗೋಡೆಯ ಗೂಟದ ಪಕ್ಕದ ಗೂಟಕ್ಕೆ ಅದನ್ನು ಕಟ್ಟಿ, ತನ್ನ ಚೀಲವನ್ನು ಅಲ್ಲಿಗೆ ಹಾಕಿದಳು. ಕಟ್ಟುವಾಗ ಅವನೂ ದಾರ ಹಿಡಿದ. ಇಬ್ಬರ ಬೆರಳಿಗೂ ಆ ಏಳು ಗಂಟು ಎಣಿಸಲು ಒಂದು ವರ್ಷ ಬೇಕಾಯಿತು.

ಗುರಮ್ಮ ಎದ್ದಳು. ಒಂದು ವಾರದ ಮೇಲೆ ಅಡುಗೆಮನೆಯ ಗೋಡೆ ಹಿಡಿದು ನಡೆದಳು. ಉಪ್ಪು, ಸಕ್ಕರೆ, ಖಾರ. ಭಂಡಾರದ ಐದು ಗಂಟು ಸಿಕ್ಕಾಗ ಕೈ ಹಣೆಗೆ ಮುಟ್ಟಿಸಿಕೊಂಡಳು. ಹಾಗೆಯೇ ಒಳಗೋಡೆಯವರೆಗೆ ಬಂದಳು. ಬೆರಳು ಒಂದು ದಾರದ ಮೇಲೆ ನಿಂತು, ಗಂಟು ಒಂದೊಂದಾಗಿ ಎಣಿಸಿ, ಕೆಳಗೆ ತೂಗುವ ಚೀಲವನ್ನು ಮುಟ್ಟಿತು.

"ಹ್ಞೂಂ," ಅಂದಳು ಮುದುಕಿ. "ಬಂದಾಳ."